ಹಿಂದಿನ ಟೈರ್ ಬದಲಿಸಬೇಕು, ಒಂದು ಸೈಜ್ ದಪ್ಪ ಹಾಕಿಸಿದರೆ ಗ್ರಿಪ್ ಜಾಸ್ತಿ ಆಗುತ್ತಾ?

ಹೊಸಚೈನ್:
ಎಲ್ಲರಿಗೂ ನಮಸ್ಕಾರ. ನನ್ನ ಬೈಕಿನ ಹಿಂದಿನ ಟೈರ್ ನಡುಭಾಗದಲ್ಲಿ ಪೂರ್ತಿ ಚಪ್ಪಟೆಯಾಗಿದೆ. ಅಂಚಿನಲ್ಲಿ ಬಟನ್ (ಟೈರ್ ಮೇಲಿನ ಉಬ್ಬು ರಬ್ಬರ್ ತುಂಡುಗಳು) ಇನ್ನೂ ಚೆನ್ನಾಗಿದೆ. ಈಗಿರುವ ಸೈಜ್ 140/70-17 (140 ಅಂದರೆ ಮಿಲಿಮೀಟರಲ್ಲಿ ಅಗಲ, 17 ಅಂದರೆ ಇಂಚಲ್ಲಿ ರಿಮ್ಮಿನ ವ್ಯಾಸ), ಅಲಾಯ್ ರಿಮ್, ಟ್ಯೂಬ್‌ಲೆಸ್. 150 ಹಾಕಿಸು, ರಸ್ತೆಗೆ ಜಾಸ್ತಿ ರಬ್ಬರ್ ತಾಗುತ್ತೆ, ಮಳೆಯಲ್ಲಿ ಸ್ಕಿಡ್ ಆಗಲ್ಲ ಅಂತ ಗೆಳೆಯರು ಹೇಳುತ್ತಿದ್ದಾರೆ. ನಿಜವೇ? ದಿನಾ ಕೆಲಸಕ್ಕೆ ಹೋಗಿಬರುವುದು, ರಜೆಯಲ್ಲಿ ಹೆಂಡತಿ ಜೊತೆ ದೂರದ ಪ್ರಯಾಣ, ಇಷ್ಟೇ ನನ್ನ ಓಡಾಟ. ಮುಂದಿನ ಟೈರ್ ನೋಡೋಕೆ ಚೆನ್ನಾಗಿದೆ. ಅದನ್ನು ಹಾಗೇ ಬಿಡಬಹುದಾ?

ಸ್ಪ್ಯಾನರ್‌ಕೈ:
ದಪ್ಪ ಹಾಕಿಸಬೇಡಿ. ಕಂಪನಿ ಯಾವ ಸೈಜ್ ಕೊಟ್ಟಿದೆಯೋ ಅದನ್ನೇ ಹಾಕಿಸಿ. ಕಾರಣ ಹೇಳುತ್ತೇನೆ.

ದಪ್ಪ ಟೈರ್ ಅಂದರೆ ನೆಲಕ್ಕೆ ಜಾಸ್ತಿ ರಬ್ಬರ್ ತಾಗುತ್ತದೆ ಅನ್ನುವುದು ಎಲ್ಲರ ನಂಬಿಕೆ. ಆದರೆ ನೆಲಕ್ಕೆ ತಾಗುವ ಜಾಗ ಎಷ್ಟು ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡು ಸಂಗತಿ: ಮೇಲಿನ ಭಾರ, ಒಳಗಿನ ಗಾಳಿಯ ಒತ್ತಡ. ಸುಮ್ನೆ ಒಂದು ಲೆಕ್ಕ ಹಾಕಿ. ಹಿಂದಿನ ಚಕ್ರದ ಮೇಲೆ 130 ಕೆಜಿ ಭಾರ ಇದೆ ಅನ್ನಿ. ಗಾಳಿ 32 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.25 ಕೆಜಿ. ಭಾಗಿಸಿದರೆ 58 ಚದರ ಸೆಂಟಿಮೀಟರ್ ಆಸುಪಾಸು ಬರುತ್ತದೆ. ಟೈರಿನ ಬಿಗಿತದಿಂದ ಸ್ವಲ್ಪ ಆಚೀಚೆ ಆಗುತ್ತದೆ, ಆದರೂ ಅಂಗೈಗಿಂತ ಚಿಕ್ಕ ಜಾಗವೇ. 140 ಇದ್ದರೂ ಅಷ್ಟೇ, 150 ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಆ ಜಾಗದ ಆಕಾರ ಬದಲಾಗುತ್ತದೆ, ಅಗಲ ಜಾಸ್ತಿಯಾಗಿ ಉದ್ದ ಕಡಿಮೆಯಾಗುತ್ತದೆ.

ಇನ್ನು ರಿಮ್. ನಿಮ್ಮ ರಿಮ್ಮಿನ ಅಗಲ 140ಕ್ಕೆ ಹೊಂದುವ ಹಾಗೆ ಮಾಡಿದ್ದು. ಅದರಲ್ಲಿ ದಪ್ಪ ಟೈರ್ ಕೂರಿಸಿದರೆ ಅಂಚುಗಳು ಒಳಕ್ಕೆ ಹಿಂಡಿಕೊಂಡು ನಡುಭಾಗ ಚೂಪಾಗುತ್ತದೆ. ನೇರ ಹೋಗುವಾಗ ನೆಲಕ್ಕೆ ಚೆನ್ನಾಗಿ ಕೂರುವುದಿಲ್ಲ, ತಿರುವಿನಲ್ಲಿ ಟೈರ್ ತಯಾರಿಸಿದವರು ಯೋಚಿಸಿದ ಹಾಗೆ ವಾಲುವುದಿಲ್ಲ. ಚೈನಿಗೋ ಸ್ವಿಂಗ್‌ಆರ್ಮಿಗೋ (ಹಿಂದಿನ ಚಕ್ರ ಹಿಡಿದಿರುವ ತೋಳಿಗೋ) ಉಜ್ಜುವ ಸಾಧ್ಯತೆಯೂ ಇದೆ. ನಿಂತಾಗ ಜಾಗ ಇದೆ ಅನ್ನಿಸುತ್ತದೆ. ಇಬ್ಬರು ಕೂತು ಹಳ್ಳಕ್ಕೆ ಬಿದ್ದಾಗ ಗೊತ್ತಾಗುತ್ತದೆ.

ತಿರುವುದಾರಿ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಅದೇ ತಿರುವು, ಅದೇ ವೇಗ ಅಂದುಕೊಳ್ಳಿ. ದಪ್ಪ ಟೈರ್ ಇರುವ ಬೈಕನ್ನು ಇನ್ನೂ ಸ್ವಲ್ಪ ಜಾಸ್ತಿ ವಾಲಿಸಬೇಕಾಗುತ್ತದೆ. ಬೈಕ್ ವಾಲಿದಾಗ ನೆಲಕ್ಕೆ ತಾಗುವ ಜಾಗ ಟೈರಿನ ಅಂಚಿನ ಕಡೆಗೆ ಸರಿಯುತ್ತದೆ, ದಪ್ಪ ಟೈರಲ್ಲಿ ಇನ್ನೂ ದೂರ ಸರಿಯುತ್ತದೆ, ಅದಕ್ಕೇ. ಗ್ರಿಪ್ಪಿಗೆ ಅಂತ ದಪ್ಪ ಹಾಕಿಸಿ ಜಾಸ್ತಿ ವಾಲಿಸಿ ಓಡಿಸೋದು ಯಾಕೆ ಹೇಳಿ?

ಎರಡನೇ ಸಂಖ್ಯೆಯನ್ನೂ ಮುಟ್ಟಬೇಡಿ. 140/70 ಅಂದರೆ ಟೈರಿನ ಗೋಡೆಯ ಎತ್ತರ ಅಗಲದ 70 ಶೇಕಡಾ, ಅಂದರೆ 98 ಮಿಲಿಮೀಟರ್. 140/60 ಹಾಕಿಸಿದರೆ 84 ಆಗುತ್ತದೆ. ಎರಡೂ ಕಡೆ ಸೇರಿ ಚಕ್ರದ ವ್ಯಾಸ 28 ಮಿಲಿಮೀಟರ್ ಕಡಿಮೆ. ಬೈಕಿನ ಹಿಂಭಾಗ ಕೆಳಗಿಳಿದು ಹ್ಯಾಂಡಲ್ ತಿರುಗುವ ಗುಣವೇ ಬದಲಾಗುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದು ಎರಡೂ ಚಕ್ರಗಳ ವೇಗವನ್ನು ಹೋಲಿಸುತ್ತಲೇ ಇರುತ್ತದೆ. ಆ ಲೆಕ್ಕವನ್ನು ಕೆಡಿಸುವುದು ಬೇಡ.

ಹೊಸಚೈನ್:
ಸರಿ ಅಣ್ಣ, 140/70 ಅನ್ನೇ ಹಾಕಿಸುತ್ತೇನೆ. ಅದರ ಪಕ್ಕದಲ್ಲಿ 66ಎಸ್ ಅಂತ ಇದೆ. ಅಂಗಡಿಯಲ್ಲಿ ಅದೇ ಸೈಜಲ್ಲಿ ಬೇರೆ ಅಕ್ಷರದ ಟೈರೂ ತೋರಿಸಿದರು. ಅದನ್ನು ನೋಡಬೇಕಾ?

ರಬ್ಬರ್‌ಓದು:
ಖಂಡಿತ ನೋಡಬೇಕು. ಅಗಲ ನೋಡಿ ಟೈರ್ ತರುವವರು ಬಹಳ ಜನ. ಈ ಸಂಖ್ಯೆ ಓದುವವರು ಕಡಿಮೆ.

66 ಅನ್ನುವುದು ಭಾರದ ಸೂಚಕ. ಆ ಒಂದು ಟೈರ್ ಹೊರಬಲ್ಲ ಗರಿಷ್ಠ ಭಾರ 300 ಕೆಜಿ ಎಂದರ್ಥ. 58 ಇದ್ದರೆ 236 ಕೆಜಿ, 54 ಇದ್ದರೆ 212, 50 ಇದ್ದರೆ 190. ನೀವು ಇಬ್ಬರು, ಜೊತೆಗೆ ಸಾಮಾನು ಅಂದರೆ ಹೆಚ್ಚಿನ ಭಾರ ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಈ ಸಂಖ್ಯೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಲೇಬಾರದು. ಜಾಸ್ತಿ ಇದ್ದರೆ ತೊಂದರೆ ಇಲ್ಲ.

ಅಕ್ಷರ ವೇಗದ್ದು. ಪಿ ಅಂದರೆ ಗಂಟೆಗೆ 150 ಕಿಮೀ, ಎಸ್ 180, ಎಚ್ 210, ವಿ 240, ಡಬ್ಲ್ಯೂ 270. ‘ನಾನು 100 ದಾಟಲ್ಲ, ಯಾವುದಾದರೇನು’ ಅನ್ನಬೇಡಿ. ವೇಗದ ಜೊತೆಗೆ ಟೈರ್ ಬಿಸಿಯಾಗುತ್ತದೆ. ಆ ಬಿಸಿಯನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಅನ್ನುವುದನ್ನೂ ಈ ಅಕ್ಷರ ಹೇಳುತ್ತದೆ. ಭಾರ ಹೊತ್ತು ಬಿಸಿಲಲ್ಲಿ ದೂರ ಹೋಗುವ ಬೈಕಿಗೆ ಇದು ಬೇಕು.

ಪಕ್ಕದಲ್ಲಿ ಟಿಎಲ್ ಇದ್ದರೆ ಟ್ಯೂಬ್‌ಲೆಸ್, ಟಿಟಿ ಇದ್ದರೆ ಟ್ಯೂಬ್ ಬೇಕು. ಆರ್ ಇದ್ದರೆ ರೇಡಿಯಲ್, ಅಂದರೆ ಒಳಗಿನ ನೂಲು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹೋದದ್ದು. ಬರೀ ಅಡ್ಡಗೆರೆ ಇದ್ದರೆ, ನಿಮ್ಮದರ ಹಾಗೆ, ಅದು ಬಯಾಸ್, ಅಂದರೆ ನೂಲು ಓರೆಯಾಗಿ ಹೋದದ್ದು. ಮುಂದೆ ರೇಡಿಯಲ್, ಹಿಂದೆ ಬಯಾಸ್ ಹೀಗೆ ಸ್ವಂತ ಬುದ್ಧಿಯಿಂದ ಬೆರೆಸಬೇಡಿ. ಎರಡರ ಒಳಗಿನ ನೂಲಿನ ಪದರಗಳ ಜೋಡಣೆಯೇ ಬೇರೆ, ಬಾಗುವ ರೀತಿಯೂ ಬೇರೆ. ಬೈಕ್ ಕಂಪನಿ ತಾನೇ ಹಾಗೆ ಕೊಟ್ಟಿದ್ದರೆ ಆ ಮಾತು ಬೇರೆ.

ಆಮೇಲೆ ತಯಾರಾದ ದಿನ. ಡಾಟ್ ಅನ್ನುವ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಇದ್ದರೆ 2021ರ 23ನೇ ವಾರ. ಇದು ಕೆಲವು ಸಲ ಟೈರಿನ ಒಂದೇ ಬದಿಯಲ್ಲಿ ಇರುತ್ತದೆ, ಕಾಣದಿದ್ದರೆ ತಿರುಗಿಸಿ ನೋಡಿ. ‘ಹೊಸ’ ಟೈರ್ ಅಂತ ಕೊಟ್ಟದ್ದು ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿರಬಹುದು. ಹಾಕಿಸುವ ಮೊದಲೇ ಓದಿ, ಹಾಕಿಸಿದ ಮೇಲಲ್ಲ.

ಹೊಸಚೈನ್:
ನನ್ನ ಮುಂದಿನ ಟೈರ್ ಈಗ ಹೋಗಿ ನೋಡಿದೆ. ಏಳು ವರ್ಷ ಹಳೆಯದು! ಬಟನ್ ಮಾತ್ರ ಆಳವಾಗಿಯೇ ಇದೆ. ಬೈಕನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು.

ಸ್ಪ್ಯಾನರ್‌ಕೈ:
ಬಟನ್ ಇದ್ದ ಮಾತ್ರಕ್ಕೆ ಟೈರ್ ಇದೆ ಅಂತಲ್ಲ. ರಬ್ಬರ್ ಹಳೆಯದಾಗುತ್ತಾ ಗಟ್ಟಿಯಾಗುತ್ತದೆ. ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿ ಕೂರುವ ಮೆದುತನವೇ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಅದು ತೋರಿಸಿಕೊಳ್ಳುತ್ತದೆ. ಬಟನ್ ಸಂದಿನ ಬುಡದಲ್ಲಿ ಮತ್ತು ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಉಗುರು ಒತ್ತಿ ನೋಡಿ.

ಇನ್ನೊಂದು ವಿಷಯ. ಓಡದೆ ನಿಂತ ಬೈಕಿನ ಟೈರ್ ಬೇಗ ಬಿರುಕು ಬಿಡುತ್ತದೆ. ರಬ್ಬರಿನೊಳಗೆ ಓಝೋನಿನಿಂದ ಕಾಪಾಡುವ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಟೈರ್ ಉರುಳಿ ಬಾಗುತ್ತಿದ್ದರೆ ಅದು ಮೇಲಕ್ಕೆ ಬರುತ್ತಿರುತ್ತದೆ. ನಿಂತಲ್ಲೇ ನಿಂತರೆ ಬರುವುದಿಲ್ಲ. ಹಾಗಾಗಿ ‘ಕಡಿಮೆ ಓಡಿದೆ, ಟೈರ್ ಹೊಸದರ ಹಾಗಿದೆ’ ಅನ್ನುವ ಸೆಕೆಂಡ್ ಹ್ಯಾಂಡ್ ಬೈಕಲ್ಲೇ ಜಾಸ್ತಿ ಹುಷಾರಾಗಿರಬೇಕು.

ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿ, ಹತ್ತು ವರ್ಷ ಆದರೆ ಹೇಗಿದ್ದರೂ ತೆಗೆದುಹಾಕಿ ಅನ್ನುವುದು ಟೈರ್ ತಯಾರಕರು ಕೊಡುವ ಸಾಮಾನ್ಯ ಸಲಹೆ. ಬೈಕಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ಮುಂದಿನ ಟೈರ್ ಏಳು ವರ್ಷದ್ದಾದರೆ ಬದಲಿಸಿ ಅಂತಲೇ ಹೇಳುತ್ತೇನೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಬೈಕನ್ನು ನಿಲ್ಲಿಸುವ ಕೆಲಸ ಮಾಡುವುದು ಮುಖ್ಯವಾಗಿ ಆ ಟೈರೇ. ಹಿಂದಿನದು ಜಾರಿದರೆ ಎಷ್ಟೋ ಸಲ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಯೋಚಿಸುವುದಕ್ಕೂ ಸಮಯ ಸಿಗುವುದಿಲ್ಲ.

ಹಿಂದಿನಸೀಟು:
ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತೀರಿ ಅಂದಿರಿ. ದಯವಿಟ್ಟು ಎರಡನ್ನೂ ಬದಲಿಸಿ ಅಣ್ಣ. ಹಿಂದೆ ಕೂತವರ ಕೈಯಲ್ಲಿ ಬ್ರೇಕೂ ಇಲ್ಲ, ಹ್ಯಾಂಡಲೂ ಇಲ್ಲ. ನಿಮ್ಮ ಮೇಲಿನ ನಂಬಿಕೆಯಿಂದ ಕೂತಿರುತ್ತೇವೆ.

ಹೊಸಚೈನ್:
ಆಯ್ತು ಅಕ್ಕ, ಎರಡೂ ಬದಲಿಸುತ್ತೇನೆ. ಒಂದೇ ಮಾಡೆಲಿನ ಜೋಡಿ ಸಿಗುತ್ತಾ ಕೇಳುತ್ತೇನೆ.

ಕಾಡುರಸ್ತೆ:
ನಾನಂತೂ ಮಳೆಯಲ್ಲಿ ಐದಾರು ಪಿಎಸ್‌ಐ ಗಾಳಿ ಇಳಿಸಿಬಿಡುತ್ತೇನೆ. ಟೈರ್ ಅಗಲವಾಗಿ ಕೂರುತ್ತೆ, ಗ್ರಿಪ್ ಸಿಗುತ್ತೆ. ಸ್ಪ್ಯಾನರ್‌ಕೈ ಅವರ ಲೆಕ್ಕವೂ ಅದನ್ನೇ ಹೇಳುತ್ತೆ ಅಲ್ವಾ? ಒತ್ತಡ ಕಡಿಮೆಯಾದರೆ ತಾಗುವ ಜಾಗ ಜಾಸ್ತಿ. ಮಣ್ಣಿನ ದಾರಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ.

ರಬ್ಬರ್‌ಓದು:
ಮಣ್ಣಿನಲ್ಲಿ, ಮರಳಿನಲ್ಲಿ ನಿಧಾನವಾಗಿ ಹೋಗುವಾಗ ಅದು ಸರಿ. ಡಾಂಬರಿನ ಮೇಲೆ, ಅದೂ ಮಳೆಯಲ್ಲಿ, ಅದು ಅಪಾಯ. ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಇದನ್ನು ನಂಬಿ ಗಾಳಿ ಇಳಿಸುವವರು ತುಂಬ ಜನ.

ಒದ್ದೆ ರಸ್ತೆಯಲ್ಲಿ ಟೈರಿನ ಮೊದಲ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ಬಟನ್ ನಡುವಿನ ಸಂದುಗಳು ಇರುವುದೇ ಅದಕ್ಕೆ. ಒಣ ರಸ್ತೆಗೆ ಸಂದು ಬೇಕಾಗೇ ಇಲ್ಲ, ರೇಸಲ್ಲಿ ನುಣುಪು ಟೈರ್ ಹಾಕುವುದು ನೋಡಿರುತ್ತೀರಿ. ಗಾಳಿ ಕಡಿಮೆಯಾದರೆ ಟೈರಿನ ನಡುಭಾಗ ಒಳಕ್ಕೆ ಬಾಗುತ್ತದೆ, ಸಂದುಗಳು ಮುಚ್ಚಿಕೊಳ್ಳುತ್ತವೆ. ನೀರು ಹೋಗೋಕೆ ದಾರಿ ಇಲ್ಲ. ಆಗ ಟೈರ್ ನೀರಿನ ಪದರದ ಮೇಲೆ ತೇಲುತ್ತದೆ.

ವಿಮಾನದ ಟೈರುಗಳ ಮೇಲೆ ನಾಸಾ 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ಒಂದು ಸೂತ್ರ ಬಂತು. ಟೈರ್ ತೇಲಲು ಶುರುವಾಗುವ ವೇಗ, ನಾಟ್ ಲೆಕ್ಕದಲ್ಲಿ, ಒತ್ತಡದ ವರ್ಗಮೂಲದ 9 ಪಟ್ಟು. 36 ಪಿಎಸ್‌ಐ ಇದ್ದರೆ 54 ನಾಟ್, ಅಂದರೆ ಗಂಟೆಗೆ ಸುಮಾರು 100 ಕಿಮೀ. 25 ಪಿಎಸ್‌ಐ ಇದ್ದರೆ 45 ನಾಟ್, ಸುಮಾರು 83 ಕಿಮೀ. ಬೈಕಿನ ಟೈರ್ ದುಂಡಗೆ ಇರುವುದರಿಂದ ನೀರನ್ನು ಇನ್ನೂ ಚೆನ್ನಾಗಿ ಸೀಳುತ್ತದೆ, ಈ ಅಂಕಿಗಳು ಹಾಗೇ ಅನ್ವಯಿಸುವುದಿಲ್ಲ. ಆದರೆ ಗಾಳಿ ಇಳಿಸಿದಷ್ಟೂ ಕಡಿಮೆ ವೇಗದಲ್ಲೇ ತೇಲುತ್ತದೆ ಅನ್ನುವುದು ಬದಲಾಗುವುದಿಲ್ಲ. ತಾಗುವ ಜಾಗ ಜಾಸ್ತಿಯಾದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತು ಕಡಿಮೆಯಾಗುತ್ತದೆ. ನೀರನ್ನು ಹಿಂಡಿ ಹೊರಗೆ ಕಳಿಸುವುದು ಆ ಒತ್ತೇ.

ಇದರ ಜೊತೆಗೆ ಬಿಸಿ. ಗಾಳಿ ಕಡಿಮೆ ಇರುವ ಟೈರಿನ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ. ಬಾಗಿದಷ್ಟೂ ಒಳಗೆ ಕಾಯುತ್ತದೆ. ಭಾರ, ಬಿಸಿಲು, ವೇಗ ಮೂರೂ ಸೇರಿದರೆ ಒಳಗಿನ ಪದರಗಳೇ ಬಿಟ್ಟುಕೊಳ್ಳಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ.

ಕಾಡುರಸ್ತೆ:
ಒತ್ತು ಕಡಿಮೆಯಾಗುವ ಕಡೆಯಿಂದ ಯೋಚಿಸಿರಲಿಲ್ಲ. ಹಾಗಾದರೆ ಮಣ್ಣಿನ ದಾರಿ ಮುಗಿದ ಕೂಡಲೇ ಮತ್ತೆ ತುಂಬಿಸಬೇಕು ಅನ್ನಿ.

ತಿರುವುದಾರಿ:
ಹೌದು. ಸಣ್ಣ ಪಂಪು ಸೀಟಿನ ಕೆಳಗೆ ಇಟ್ಟುಕೊಳ್ಳಿ. ಕಡಿಮೆ ಗಾಳಿಯಲ್ಲಿ ಹಳ್ಳಕ್ಕೆ ಬಿದ್ದರೆ ರಿಮ್ ಬಾಗುವ ಭಯವೂ ಇದೆ. ಟ್ಯೂಬ್ ಇದ್ದರಂತೂ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತದೆ.

ಹೊಸಚೈನ್:
ಸರಿಯಾದ ಒತ್ತಡ ಎಷ್ಟು ಅಂತ ಎಲ್ಲಿ ನೋಡುವುದು? ಟೈರಿನ ಮೇಲೆ ಒಂದು ಸಂಖ್ಯೆ ಇದೆ, ಅದೇನಾ?

ಸ್ಪ್ಯಾನರ್‌ಕೈ:
ಅದಲ್ಲ! ಟೈರಿನ ಗೋಡೆಯ ಮೇಲಿರುವುದು ಆ ಟೈರಿಗೆ ಹೇಳಿದ ಗರಿಷ್ಠ ಭಾರ, ಅದಕ್ಕೆ ಬೇಕಾದ ಒತ್ತಡ. ನಿಮ್ಮ ಬೈಕಿಗೆ ಎಷ್ಟು ಬೇಕು ಅನ್ನುವುದು ಚೈನ್ ಕವರ್ ಅಥವಾ ಸ್ವಿಂಗ್‌ಆರ್ಮ್ ಮೇಲಿನ ಸ್ಟಿಕರಲ್ಲಿ, ಇಲ್ಲವೇ ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಒಬ್ಬರೇ ಹೋಗುವಾಗ ಒಂದು, ಇಬ್ಬರು ಹೋಗುವಾಗ ಇನ್ನೊಂದು ಅಂತ ಎರಡು ಅಂಕಿ ಇರಬಹುದು. ಹೆಂಡತಿ ಜೊತೆ ದೂರ ಹೊರಟ ದಿನ ಎರಡನೆಯದನ್ನು ಹಾಕಿ.

ಬೆಳಿಗ್ಗೆ ಬೈಕ್ ತೆಗೆಯುವ ಮೊದಲೇ ಅಳೆಯಿರಿ. ಸ್ಟಿಕರಿನ ಅಂಕಿ ತಣ್ಣಗಿನ ಟೈರಿಗೆ. ಓಡಿ ಬಿಸಿಯಾದ ಮೇಲೆ ಮೂರು, ನಾಲ್ಕು ಪಿಎಸ್‌ಐ ಮೇಲೇರುವುದು ಸಹಜ. ‘ಜಾಸ್ತಿ ಆಗಿದೆ’ ಅಂತ ಆಗ ಗಾಳಿ ಇಳಿಸಿದರೆ ಮರುದಿನ ಕಡಿಮೆ ಇರುತ್ತದೆ. ಹವೆ ಸುಮಾರು 6 ಡಿಗ್ರಿ ತಣ್ಣಗಾದರೆ ಹತ್ತಿರಹತ್ತಿರ ಒಂದು ಪಿಎಸ್‌ಐ ಇಳಿಯುತ್ತದೆ. ಕಾಲ ಬದಲಾದಾಗ ನೆನಪಿಡಿ. ವಾರಕ್ಕೊಮ್ಮೆ ಅಳೆಯಿರಿ, ದೂರ ಹೊರಡುವ ದಿನ ಮತ್ತೊಮ್ಮೆ. ಸ್ವಂತ ಗೇಜ್ ಇಟ್ಟುಕೊಳ್ಳಿ. ಗಾಳಿ ಹೊಡೆಯುವ ಕಡೆ ಇರುವ ಗೇಜು ದಿನವೆಲ್ಲ ಕೈಯಿಂದ ಕೈಗೆ ಬಿದ್ದು ಎದ್ದು ಓಡಾಡುತ್ತಿರುತ್ತದೆ. ಕಾಲಲ್ಲಿ ಒದ್ದು ನೋಡಿ ಗಾಳಿ ಸರಿಯಿದೆ ಅನ್ನುವುದನ್ನು ಬಿಟ್ಟುಬಿಡಿ. ಹತ್ತು ಪಿಎಸ್‌ಐ ಕಡಿಮೆ ಇದ್ದರೂ ಕಾಲಿಗೆ ಗೊತ್ತಾಗುವುದಿಲ್ಲ.

ಮಳೆಸವಾರಿ:
ನೈಟ್ರೋಜನ್ ತುಂಬಿಸಿದರೆ ಇದೆಲ್ಲ ತಾಪತ್ರಯ ಇಲ್ಲ ಅಂತಾರಲ್ಲ?

ರಬ್ಬರ್‌ಓದು:
ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವಾಂಶ ಇರುವುದಿಲ್ಲ. ಅಷ್ಟೇ ಲಾಭ. ಅಳೆಯುವುದನ್ನು ಅದು ತಪ್ಪಿಸುವುದಿಲ್ಲ. ನೈಟ್ರೋಜನ್ ಸಿಗುವ ಜಾಗ ಬರಲಿ ಅಂತ ಕಡಿಮೆ ಗಾಳಿಯಲ್ಲೇ ಓಡಿಸುವುದಂತೂ ಬೇಡವೇ ಬೇಡ. ಮಾಮೂಲಿ ಗಾಳಿ ಬೆರೆಸಿದರೆ ಏನೂ ಆಗುವುದಿಲ್ಲ.

ಮಳೆಸವಾರಿ:
ಧನ್ಯವಾದ. ಒಂದು ಪ್ರಶ್ನೆ ನನ್ನದೂ ಇದೆ. ನನ್ನದು ಸ್ಪೋಕ್ ರಿಮ್, ಟ್ಯೂಬ್ ಟೈರ್. ಹೊಸ ಟೈರಿಗೆ ಹಳೇ ಟ್ಯೂಬನ್ನೇ ಹಾಕಬಹುದಾ?

ಸ್ಪ್ಯಾನರ್‌ಕೈ:
ಬೇಡ ಮೇಡಂ. ಹಳೇ ಟ್ಯೂಬ್ ಹಿಗ್ಗಿರುತ್ತದೆ. ಹೊಸ ಟೈರೊಳಗೆ ಮಡಿಚಿಕೊಂಡು ಆ ಮಡಿಕೆಯಲ್ಲೇ ಸವೆದು ತೂತಾಗುತ್ತದೆ. ಸ್ಪೋಕಿನ ತುದಿ ಮುಚ್ಚುವ ರಿಮ್ ಪಟ್ಟಿಯನ್ನೂ ಹೊಸದು ಹಾಕಿಸಿ. ಟ್ಯೂಬ್ ತೂತಾದರೆ ಗಾಳಿ ಒಂದೇ ಸಲಕ್ಕೆ ಹೋಗುತ್ತದೆ, ಟ್ಯೂಬ್‌ಲೆಸ್ ಹಾಗೆ ನಿಧಾನಕ್ಕೆ ಸೋರುವುದಿಲ್ಲ. ಅದಕ್ಕೇ ಟ್ಯೂಬಿನಲ್ಲಿ ದುಡ್ಡು ಉಳಿಸುವುದು ಬೇಡ ಅನ್ನುವುದು.

ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲೆ ಕ್ಯಾಪಿನ ಕಡೆಗೆ ಬಿಡಿ. ಗಾಳಿ ಕಡಿಮೆ ಇದ್ದು ಗಟ್ಟಿ ಬ್ರೇಕ್ ಹಿಡಿದಾಗ ಟೈರ್ ರಿಮ್ ಮೇಲೆ ಜಾರುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ನಟ್ ಸಡಿಲ ಇದ್ದರೆ ವಾಲ್ವ್ ಓರೆಯಾಗಿ ನಿಮಗೆ ಕಾಣುತ್ತದೆ. ಬಿಗಿದಿದ್ದರೆ ಕಾಣುವ ಮೊದಲೇ ಬುಡ ಹರಿಯಬಹುದು.

ಹೊಸಚೈನ್:
ಇವತ್ತು ಎರಡೂ ಟೈರ್ ಹಾಕಿಸಿದೆ. ಎರಡೂ ಬಯಾಸ್, ಒಂದೇ ಜೋಡಿ, ಆರು ತಿಂಗಳೊಳಗೆ ತಯಾರಾದದ್ದು. ಬ್ಯಾಲೆನ್ಸ್ ಮಾಡಿಸಿದೆ, ವಾಲ್ವ್ ಬದಲಿಸಿದೆ. ನೀವು ಯಾರೂ ಹೇಳದ ಒಂದು ವಿಷಯ ಇದ್ದರೆ ಈಗ ಹೇಳಿ.

ತಿರುವುದಾರಿ:
ಬಾಣದ ಗುರುತು ನೋಡಿದಿರಾ? ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಮತ್ತೆ ರಿಮ್ಮಿನ ಅಂಚಿನ ಪಕ್ಕ ಟೈರಿನ ಸುತ್ತ ಒಂದು ತೆಳು ಗೆರೆ ಇರುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿರಬೇಕು. ಒಂದು ಕಡೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ.

ಮೊದಲ 150, 200 ಕಿಮೀ ನಿಧಾನ. ಹೊಸ ರಬ್ಬರಿನ ಮೇಲ್ಮೈ ಅಚ್ಚಿನಿಂದ ಬಂದ ಹಾಗೇ ನುಣುಪಾಗಿರುತ್ತದೆ, ಗ್ರಿಪ್ ಕಡಿಮೆ. ತಿರುವಿನಲ್ಲಿ ವಾಲಿಸುವುದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ನಡುಭಾಗ ಬೇಗ ಒರಟಾಗುತ್ತದೆ, ಅಂಚು ಹೊಸದಾಗೇ ಉಳಿದಿರುತ್ತದೆ. ಕಿಮೀ ಆಯಿತು ಅಂತ ಒಂದೇ ಸಲಕ್ಕೆ ಪೂರ್ತಿ ವಾಲಿಸಬೇಡಿ. ನಿಮ್ಮ ಹಳೇ ಟೈರ್ ಚಪ್ಪಟೆ ಇತ್ತು, ಹೊಸದು ದುಂಡಗಿದೆ. ಬೈಕ್ ಈಗ ತಟ್ಟನೆ ವಾಲುತ್ತದೆ. ಅದಕ್ಕೂ ಕೈ ಹೊಂದಿಕೊಳ್ಳಬೇಕು.

ಹಿಂದಿನಸೀಟು:
ಅಲ್ಲಿಯವರೆಗೆ ಅಕ್ಕನನ್ನು ಕೂರಿಸಿಕೊಳ್ಳಬೇಡಿ.

ಸ್ಪ್ಯಾನರ್‌ಕೈ:
ಟೈರ್ ಮಿಂಚಲಿ ಅಂತ ಯಾವ ಪಾಲಿಶೂ ಹಚ್ಚಬೇಡಿ. ಬೈಕ್ ಟೈರಿನ ಗೋಡೆಗೂ ನೆಲಕ್ಕೆ ತಾಗುವ ಅಂಚಿಗೂ ನಡುವೆ ಜಾಗವೇ ಇಲ್ಲ. ಚೈನಿಗೆ ಎಣ್ಣೆ ಹೊಡೆಯುವಾಗಲೂ ಟೈರಿಗೆ ಬಟ್ಟೆ ಅಡ್ಡ ಹಿಡಿಯಿರಿ.

ಕಾಡುರಸ್ತೆ:
ಟ್ಯೂಬ್‌ಲೆಸ್ ಪಂಕ್ಚರಿಗೆ ಹೊರಗಿನಿಂದ ರಬ್ಬರ್ ದಾರ ತುರುಕುತ್ತಾರಲ್ಲ, ಅದನ್ನು ಎಷ್ಟು ದಿನ ನಂಬಬಹುದು?

ಸ್ಪ್ಯಾನರ್‌ಕೈ:
ಟೈರ್ ಬಿಚ್ಚಿಸುವ ಜಾಗ ತಲುಪುವವರೆಗೆ, ಅದೂ ನಿಧಾನವಾಗಿ. ಅದನ್ನೇ ವರ್ಷಗಟ್ಟಲೆ ಇಟ್ಟುಕೊಂಡು ಓಡಿಸುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಟೈರ್ ಬಿಚ್ಚಿ ಒಳಗಿನಿಂದ ಅಣಬೆ ಪ್ಯಾಚ್ (ಅಣಬೆ ಆಕಾರದ ರಬ್ಬರ್, ಕಾಂಡ ತೂತಿನೊಳಗೆ, ಕೊಡೆ ಟೈರಿನ ಒಳಬದಿಗೆ) ಹಾಕಿಸಿ. ಬಿಚ್ಚಿದಾಗ ಒಳಗೋಡೆಯನ್ನೂ ನೋಡಬಹುದು. ಗಾಳಿ ಇಲ್ಲದೆ ಸ್ವಲ್ಪ ದೂರ ಓಡಿಸಿದ್ದರೆ ಒಳಗೆ ರಬ್ಬರ್ ಪುಡಿ ಉದುರಿರುತ್ತದೆ, ಗೋಡೆ ಸುಕ್ಕಾಗಿರುತ್ತದೆ. ಅಂಥ ಟೈರಿಗೆ ಪ್ಯಾಚೂ ಬೇಡ, ಬದಲಿಸಿ. ನಡುಭಾಗದ ತೂತು, 6 ಮಿಲಿಮೀಟರ್ ಒಳಗಿದ್ದರೆ ಮಾತ್ರ ರಿಪೇರಿ. ಗೋಡೆಯಲ್ಲಿ ಎಷ್ಟೇ ಚಿಕ್ಕದಾದರೂ ಇಲ್ಲ.

ಓಡುವಾಗಲೇ ಗಾಳಿ ಹೋದರೆ ಹ್ಯಾಂಡಲ್ ಜೊತೆ ಗುದ್ದಾಡಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಯಾವ ಚಕ್ರ ಸರಿ ಇದೆಯೋ ಅದರ ಬ್ರೇಕನ್ನು ಮಾತ್ರ ಮೆತ್ತಗೆ ಒತ್ತಿ, ನೇರವಾಗಿ ಪಕ್ಕಕ್ಕೆ ಬನ್ನಿ.

ಮಳೆಸವಾರಿ:
ಮೊಳೆ ಚುಚ್ಚಿದ್ದು ಕಂಡರೆ ಅಲ್ಲೇ ಕೀಳಬೇಕಾ?

ಸ್ಪ್ಯಾನರ್‌ಕೈ:
ನಿಮ್ಮದು ಟ್ಯೂಬ್, ಕಿತ್ತರೂ ಬಿಟ್ಟರೂ ಚಕ್ರ ಬಿಚ್ಚಲೇಬೇಕು. ಬೈಕ್ ಓಡಿಸಬೇಡಿ. ಟ್ಯೂಬ್‌ಲೆಸ್ ಇರುವವರು, ರಿಪೇರಿ ಸಾಮಾನು ಕೈಯಲ್ಲಿ ಇಲ್ಲದಿದ್ದರೆ ಮೊಳೆ ಕೀಳಬೇಡಿ. ಎಷ್ಟೋ ಸಲ ಆ ಮೊಳೆಯೇ ತೂತು ಮುಚ್ಚಿರುತ್ತದೆ. ಗಾಳಿ ಅಳೆದು, ತುಂಬಿಸಿ, ನಿಧಾನವಾಗಿ ಹತ್ತಿರದ ರಿಪೇರಿ ಜಾಗಕ್ಕೆ ಹೋಗಿ. ನಡುವೆ ನಿಲ್ಲಿಸಿ ಮತ್ತೊಮ್ಮೆ ಅಳೆಯಿರಿ.